ಏಳು ಕಿಲೋದೊಳಗೆ ಒಂದು ಕೆಂಪು ಸೀರೆ

ಕೊಡಗಿನ ನಾಪೋಕ್ಲಿನ ಹತ್ತಿರವಿರುವ ನಮ್ಮ ಮನೆಯ ಕಣದ ಮೂಲೆಯಲ್ಲಿ ಕಾಫಿ ಹಣ್ಣು ತೂಗುವ ಒಂದು ತೂಗುತಕ್ಕಡಿ ಇದೆ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆಯಾಗುತ್ತಲೇ ಕೆಲಸದವರು ತೋಟದಿಂದ ಹೊತ್ತು ತಂದ ಚೀಲಗಳನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ತೂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ವರ್ಷದ ಉಳಿದ ದಿನಗಳಲ್ಲಿ ಆ ಕೊಕ್ಕೆಯಲ್ಲಿ ಹೆಚ್ಚಾಗಿ ತೂಗಾಡುವುದು ನನ್ನ ಪ್ರಯಾಣದ ಚೀಲ. ಮುಳ್ಳು ವಿಮಾನದ ಕೈಚೀಲದ ಮಿತಿಯಾದ ಏಳು ಕಿಲೋದ ಗೆರೆಯನ್ನು ಮುಟ್ಟದೆ ನಿಂತಾಗ ನನ್ನ ಮುಖದಲ್ಲಿ ಮೂಡುವ ಸಂತೋಷವನ್ನು ಕಂಡು ಮನೆಯವರೆಲ್ಲ ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ, ಆದರೆ ತೂಗುವ ಅಭ್ಯಾಸವನ್ನು ಬಿಟ್ಟಿಲ್ಲ.

ತಿಂಗಳಿಗೆ ಹತ್ತು ಹನ್ನೆರಡು ದಿನವಾದರೂ ನಾನು ಊರಿನಿಂದ ಹೊರಗಿರುತ್ತೇನೆ. ಅದರಲ್ಲಿ ಅರ್ಧ ಕಾಳುಮೆಣಸು ಮತ್ತು ಕಾಫಿಯ ವ್ಯಾಪಾರಕ್ಕೆ ಸಂಬಂಧಿಸಿದ ಓಡಾಟ. ಉಳಿದರ್ಧ ನಮ್ಮ ಉಮ್ಮತ್ತಾಟ್ ಕುಣಿತದ ತಂಡದ ಜೊತೆಗಿನದು. ಕೊಡಗಿಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲವಾದ್ದರಿಂದ ಎಷ್ಟೇ ದೂರದ ಪ್ರಯಾಣವಾಗಲಿ, ಅದು ಬಸ್ಸಿನಿಂದಲೋ ಜೀಪಿನಿಂದಲೋ ಆರಂಭವಾಗಬೇಕು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಸಾಗಿ ಮೈಸೂರು ಸೇರಿದ ಮೇಲಷ್ಟೇ ರೈಲಿನ ಮುಖ ಕಾಣಬಹುದು. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ನಂತರ ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಹೋಗುವ ಇನ್ನೊಂದು ದಾರಿ ನಮಗೆ ಸಿಕ್ಕಿದೆ. ಯಾವ ದಾರಿ ಹಿಡಿದರೂ ಚೀಲವನ್ನು ಎರಡು ಮೂರು ಸಲ ಇಳಿಸಿ ಏರಿಸಬೇಕು. ಮಳೆಗಾಲದಲ್ಲಾದರೆ ಒಂದು ಕೈಯಲ್ಲಿ ಕೊಡೆ ಬೇರೆ ಇರುತ್ತದೆ. ಹಗುರವಾಗಿ ಹೊರಡಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಈ ಇಳಿಸಿ ಏರಿಸುವ ಕೆಲಸದಿಂದ.

ಇನ್ನು ವೇಷಭೂಷಣದ ವಿಚಾರ. ಉಮ್ಮತ್ತಾಟ್ ಎಂದರೆ ನಮ್ಮ ಹೆಣ್ಣುಮಕ್ಕಳು ವೃತ್ತಾಕಾರವಾಗಿ ಸುತ್ತುತ್ತಾ, ಕೈಯಲ್ಲಿ ಹಿತ್ತಾಳೆಯ ತಾಳಗಳನ್ನು ಬಡಿಯುತ್ತಾ, ಬಾಗಿ ಎದ್ದು ಆಡುವ ಕುಣಿತ. ನಡುವೆ ನೀರಿನ ಪಾತ್ರೆ ಹಿಡಿದು ನಿಲ್ಲುವವಳು ಕಾವೇರಮ್ಮನ ಪ್ರತೀಕ. ಇದಕ್ಕೆ ಕೊಡವ ಶೈಲಿಯಲ್ಲಿ ಉಟ್ಟ ಕೆಂಪು ರೇಷ್ಮೆ ಸೀರೆ ಬೇಕು, ತಲೆಗೆ ಕಟ್ಟುವ ವಸ್ತ್ರ ಬೇಕು, ಕೊರಳಿಗೆ ಜೋಮಾಲೆ, ಪತ್ತಾಕ್ ಮತ್ತು ಅರ್ಧಚಂದ್ರದ ಆಕಾರದ ಕೊಕ್ಕೆತಾತಿ ಬೇಕು, ಉದ್ದ ತೋಳಿನ ರವಿಕೆ ಬೇಕು, ಮತ್ತೆ ತಾಳಗಳಂತೂ ಬೇಕೇ ಬೇಕು. ಹಗುರವಾಗಿ ಪ್ರಯಾಣಿಸುವುದನ್ನು ಕುರಿತು ಸಲಹೆ ಕೊಡುವವರೆಲ್ಲ ಮೂರು ಟೀ ಶರ್ಟು, ಒಂದು ಪ್ಯಾಂಟು ಎಂದು ಲೆಕ್ಕ ಹೇಳುತ್ತಾರೆ. ಇಷ್ಟು ಸರಂಜಾಮು ಹೊತ್ತು ದೆಹಲಿಯಲ್ಲಿಯೋ ಪುಣೆಯಲ್ಲಿಯೋ ವೇದಿಕೆ ಹತ್ತಬೇಕಾದವರ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸೀರೆಯ ಗುಣವನ್ನು ಹೇಳಬೇಕು. ಕೊಡವ ಶೈಲಿಯಲ್ಲಿ ನೆರಿಗೆಗಳು ಬೆನ್ನ ಹಿಂದೆ ಇರುತ್ತವೆ. ಸೆರಗು ಎಡಗೈಯ ಕೆಳಗಿನಿಂದ ಎದೆಯ ಮೇಲೆ ಹಾದು ಬಲ ಭುಜದ ಮೇಲೆ ಬಂದು ಪಿನ್ನಿನಲ್ಲಿ ನಿಲ್ಲುತ್ತದೆ. ಅಗಸ್ತ್ಯರನ್ನು ಬಿಟ್ಟು ನದಿಯಾಗಿ ಹರಿದ ಕಾವೇರಿಯನ್ನು ಬಲಮುರಿಯಲ್ಲಿ ನಮ್ಮವರು ತಡೆಯಲು ನಿಂತಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದವೆಂದು ನಮ್ಮಲ್ಲಿ ಐತಿಹ್ಯವಿದೆ. ಆ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದರೂ ಅದರ ಅನುಕೂಲ ನನಗೆ ಅರ್ಥವಾದದ್ದು ರೈಲಿನಲ್ಲಿ. ಮುಂದೆ ನೆರಿಗೆ ಇಲ್ಲದ್ದರಿಂದ ಮೇಲಿನ ಬರ್ತಿಗೆ ಏಣಿ ಹತ್ತುವಾಗ ಕಾಲಿಗೆ ಏನೂ ತೊಡರುವುದಿಲ್ಲ. ಸೆರಗು ಭುಜದಲ್ಲೇ ಭದ್ರವಾಗಿ ಉಳಿಯುವುದರಿಂದ ಎರಡೂ ಕೈಗಳು ಚೀಲಕ್ಕೆ ಬಿಡುವಾಗಿರುತ್ತವೆ. ತೋಟದ ಇಳಿಜಾರಿನಲ್ಲಿ ಓಡಾಡಿ ಬದುಕಿದವರ ಉಡುಪು ರೈಲಿನ ಏಣಿಗೂ ಒಗ್ಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದಕ್ಕೂ ಮಿಗಿಲಾಗಿ ಸೀರೆಗೆ ಅಳತೆಯ ಹಂಗಿಲ್ಲ. ಐದೂವರೆ ಮೀಟರಿನ ಆ ಬಟ್ಟೆಯನ್ನು ಮಡಚಿದರೆ ಒಂದು ದಪ್ಪ ಪುಸ್ತಕದಷ್ಟೇ ಜಾಗ ಸಾಕು, ನನ್ನ ಕೆಂಪು ಸೀರೆ ತಕ್ಕಡಿಯಲ್ಲಿ 800 ಗ್ರಾಂ ತೂಗುತ್ತದೆ. ಇಡೀ ವೇದಿಕೆಯನ್ನು ತುಂಬುವ ಒಂದು ಉಡುಪು ಒಂದು ಕಿಲೋವನ್ನೂ ಮುಟ್ಟುವುದಿಲ್ಲ ಎಂಬುದು ಪ್ರತಿ ಸಲವೂ ನನಗೆ ಹೆಮ್ಮೆ ತರುತ್ತದೆ.

ಗಂಡಸರ ಪಾಡು ಇಷ್ಟು ಸುಲಭವಲ್ಲ. ಗಂಡಸರ ಕುಣಿತವಾದ ಬೊಳಕಾಟ್ ಆಡುವ ನನ್ನ ತಮ್ಮ ತಂಡದ ಜೊತೆ ಬರುವಾಗ ಮೊಣಕಾಲಿನ ಕೆಳಗಿನವರೆಗೆ ಬರುವ ಕಪ್ಪು ನಿಲುವಂಗಿ ಕುಪ್ಯ, ಒಳಗೆ ತೊಡುವ ಬಿಳಿ ಅಂಗಿ, ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ ಇವುಗಳನ್ನೆಲ್ಲ ತರಬೇಕು. ಕುಪ್ಯ ದಪ್ಪ ಬಟ್ಟೆಯದಾದ್ದರಿಂದ ಮಡಚಿದರೂ ದಿಂಬಿನಷ್ಟು ಉಬ್ಬಿರುತ್ತದೆ. ಮಂಡೆತುಣಿಯದು ಇನ್ನೊಂದು ಕಥೆ. ಚಪ್ಪಟೆ ತಲೆಯ ಆ ರುಮಾಲನ್ನು ಒತ್ತಿದರೆ ಆಕಾರ ಕೆಡುತ್ತದೆ, ಒತ್ತದೆ ಇಟ್ಟರೆ ಚೀಲದ ಅರ್ಧ ಜಾಗವನ್ನು ಅದೇ ನುಂಗುತ್ತದೆ. ತಮ್ಮ ಅದರ ಟೊಳ್ಳಿನೊಳಗೆ ಒಳಉಡುಪು, ಕಾಲುಚೀಲ, ಮೊಬೈಲಿನ ಚಾರ್ಜರ್ ಎಲ್ಲವನ್ನೂ ತುಂಬಿ, ಮೇಲೊಂದು ಟವೆಲ್ ಮುಚ್ಚಿ ಇಡುವ ಉಪಾಯ ಕಂಡುಕೊಂಡಿದ್ದಾನೆ. ಹೀಗೆ ಇಟ್ಟರೆ ರುಮಾಲು ನೆಟ್ಟಗೆ ಉಳಿಯುತ್ತದೆ, ಜಾಗವೂ ವ್ಯರ್ಥವಾಗುವುದಿಲ್ಲ. ತಂಡದ ಉಳಿದ ಗಂಡಸರೆಲ್ಲ ಈಗ ಹೀಗೆಯೇ ಮಾಡುತ್ತಾರೆ.

ಆದರೆ ಚೇಲೆಗೆ ಮುಂದುಗಡೆ ಸಿಕ್ಕಿಸುವ ಪೀಚೆಕತ್ತಿಗೆ ಯಾವ ಉಪಾಯವೂ ನಡೆಯುವುದಿಲ್ಲ. ಬೆಳ್ಳಿಯ ಒರೆ, ಬೆಳ್ಳಿಯ ಸರಪಳಿ, ಅಜ್ಜನ ಕಾಲದ ಕೆತ್ತನೆ ಎಲ್ಲ ಇದ್ದರೂ ವಿಮಾನದ ಲೆಕ್ಕದಲ್ಲಿ ಅದು ಕತ್ತಿಯೇ, ಕೈಚೀಲದಲ್ಲಿ ಒಯ್ಯುವಂತಿಲ್ಲ. ನಿಯಮ ಸರಿಯಾದದ್ದೇ ಆದ್ದರಿಂದ ಅದರ ಬಗ್ಗೆ ನನಗೆ ಬೇಸರವಿಲ್ಲ. ಪೀಚೆಕತ್ತಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ದಾರದಿಂದ ಬಿಗಿದು, ಕೆಳಗೆ ಹೋಗುವ ದೊಡ್ಡ ಚೀಲದ ನಡುವೆ ಇಡಬೇಕು, ಸಾಮಾನು ಒಪ್ಪಿಸುವಾಗ ಒಳಗೆ ಏನಿದೆಯೆಂದು ಬಾಯಿಬಿಟ್ಟು ಹೇಳಬೇಕು. ಪವರ್ ಬ್ಯಾಂಕ್ ಇದಕ್ಕೆ ವಿರುದ್ಧ. ಅದು ಕೆಳಗೆ ಹೋಗುವಂತಿಲ್ಲ, ನಮ್ಮ ಜೊತೆಯಲ್ಲೇ ಮೇಲೆ ಬರಬೇಕು. ಇವೆರಡನ್ನು ಅದಲುಬದಲು ಮಾಡಿ, ಸಾಲಿನಲ್ಲಿ ಹಿಂದೆ ನಿಂತವರೆಲ್ಲ ನೋಡುತ್ತಿರುವಂತೆ ಚೀಲ ಬಿಚ್ಚುವ ಪ್ರಸಂಗ ಯಾರಿಗೂ ಬಾರದಿರಲಿ. ಇನ್ನು ಬೆನ್ನ ಹಿಂದೆ ತೋಡಂಗ್ ಎಂಬ ಕೊಂಡಿಗೆ ಸಿಕ್ಕಿಸುವ ಅಗಲ ಅಲಗಿನ ಒಡಿಕತ್ತಿಯನ್ನು ನಾವು ದೂರದ ಊರಿಗೆ ಒಯ್ಯುವುದನ್ನೇ ನಿಲ್ಲಿಸಿದ್ದೇವೆ. ಕೊಡವ ಮದುವೆಯಲ್ಲಿ ಬಾಳೆದಿಂಡು ಕಡಿಯಲು ಅದು ಬೇಕೇ ಬೇಕು. ಆದರೆ ಕೊಡಗಿನವರು ನೆಲೆಸಿದ ಊರುಗಳಲ್ಲಿ ಹಿರಿಯರೊಬ್ಬರ ಮನೆಯ ಗೋಡೆಯ ಮೇಲೆ ಅದು ತೂಗುತ್ತಿರುತ್ತದೆ, ಒಂದು ಫೋನ್ ಮಾಡಿದರೆ ಸಾಕು, ಒರೆಸಿ ಎಣ್ಣೆ ಹಚ್ಚಿ ತಂದುಕೊಡುತ್ತಾರೆ.

ಕೆಂಪು ಸೀರೆಗಳನ್ನು ಒಂದೇ ಚೀಲದಲ್ಲಿ ತುಂಬುವುದನ್ನು ನಾವು ಬಿಟ್ಟದ್ದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ದೆಹಲಿಯಲ್ಲಿ ಕಾರ್ಯಕ್ರಮವಿತ್ತು. ಹತ್ತು ಜನರ ಸೀರೆ, ವಸ್ತ್ರ, ಒಡವೆ ಎಲ್ಲವನ್ನೂ ಇಸ್ತ್ರಿ ಮಾಡಿ, ಒಂದು ದೊಡ್ಡ ಸೂಟ್‌ಕೇಸಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿ, ಕೆಳಗೆ ಹೋಗುವ ಸಾಮಾನಿಗೆ ಹಾಕಿದ್ದೆವು. ಇಳಿದ ಮೇಲೆ ಸಾಮಾನಿನ ಪಟ್ಟಿ ಸುತ್ತಿತು, ಸುತ್ತಿತು, ಕೊನೆಗೆ ಖಾಲಿಯಾಗಿ ನಿಂತಿತು. ನಮ್ಮ ಸೂಟ್‌ಕೇಸ್ ಬರಲೇ ಇಲ್ಲ. ಕಂಪನಿಯವರು ಅರ್ಜಿ ಬರೆಸಿಕೊಂಡು ಮರುದಿನ ಬರುತ್ತದೆ ಎಂದರು. ಕುಣಿತ ಅಂದೇ ಸಂಜೆ ಆರಕ್ಕೆ ಇತ್ತು. ನಮ್ಮ ಕೈಯಲ್ಲಿ ಇದ್ದದ್ದು ತಾಳಗಳು ಮಾತ್ರ. ಅವು ಭಾರವೆಂದು ಒಬ್ಬೊಬ್ಬರೂ ತಮ್ಮ ತಮ್ಮ ಕೈಚೀಲದಲ್ಲಿ ಹಂಚಿಕೊಂಡಿದ್ದೆವು.

ಆ ಊರಿನಲ್ಲಿ ನೆಲೆಸಿದ್ದ ನಮ್ಮ ಕಡೆಯ ಒಬ್ಬರಿಗೆ ವಿಷಯ ತಿಳಿಸಿದೆವು. ಅಲ್ಲಿಂದ ಮುಂದಿನ ಮೂರು ಗಂಟೆಗಳನ್ನು ನಾನು ಮರೆಯಲಾರೆ. ಸೈನ್ಯದಲ್ಲಿದ್ದವರ ಮನೆಗಳಿಂದ, ಬ್ಯಾಂಕಿನಲ್ಲಿದ್ದವರ ಮನೆಗಳಿಂದ, ನಮಗೆ ಪರಿಚಯವೇ ಇಲ್ಲದ ಹೆಂಗಸರು ತಮ್ಮ ಕಪಾಟಿನಲ್ಲಿದ್ದ ಕೆಂಪು ಸೀರೆಗಳನ್ನು ಹಿಡಿದು ಆಟೋದಲ್ಲಿ, ಕಾರಿನಲ್ಲಿ, ಒಬ್ಬರಂತೂ ಮೆಟ್ರೋದಲ್ಲಿ ಬಂದರು. ಒಂದು ಸೀರೆ ದಾಳಿಂಬೆ ಬಣ್ಣದ್ದು, ಒಂದು ಕುಂಕುಮದ್ದು, ಮತ್ತೊಂದು ಕಾಫಿ ಹಣ್ಣು ಮಾಗಿದಾಗ ಬರುವಂತಹ ಕಡುಗೆಂಪಿನದು. ವಯಸ್ಸಾದ ಒಬ್ಬ ಅಕ್ಕ ತಮ್ಮ ಮದುವೆಯ ಸೀರೆಯನ್ನು ತಂದು ನನ್ನ ಕೈಗಿಟ್ಟು, ‘ಇದು ಊರು ನೋಡಿ ನಲವತ್ತು ವರ್ಷವಾಯಿತಮ್ಮಾ, ಇವತ್ತು ನಿನ್ನ ಜೊತೆ ಕುಣಿಯಲಿ’ ಎಂದರು. ಅದರ ಮಡಿಕೆಗಳಲ್ಲಿ ಒಣಗಿದ ಲವಂಗದ ವಾಸನೆ ಇತ್ತು. ಹತ್ತು ಬಗೆಯ ಕೆಂಪು ಒಂದೇ ವೃತ್ತದಲ್ಲಿ ಸುತ್ತಿದ ಆ ಸಂಜೆ ನಮ್ಮ ಕುಣಿತ ಎಷ್ಟು ಚೆಂದವಾಗಿತ್ತೆಂದರೆ, ಒಂದೇ ಬಣ್ಣದ ಸೀರೆ ಇರಬೇಕೆಂಬ ಹಟವನ್ನು ನಾವು ಆಮೇಲೆ ಕೈಬಿಟ್ಟೆವು. ಸೂಟ್‌ಕೇಸ್ ಮರುದಿನವಲ್ಲ, ಮೂರನೆಯ ದಿನ ಬಂತು.

ಅಂದಿನಿಂದ ನಮ್ಮ ತಂಡದಲ್ಲಿ ಒಂದೇ ಕ್ರಮ. ಪ್ರತಿಯೊಬ್ಬರೂ ತಮ್ಮ ವೇಷವನ್ನು ತಾವೇ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು, ಚೀಲಕ್ಕೆ ಮೊದಲು ಇಳಿಯುವುದು ಅದೇ ಆಗಬೇಕು. ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರಿಗೆ ಕೈಚೀಲಕ್ಕೆ ಏಳು ಕಿಲೋ, ಕೆಳಗಿನ ಸಾಮಾನಿಗೆ ಹದಿನೈದು ಕಿಲೋ ಎಂಬುದು ವಾಡಿಕೆಯ ಮಿತಿ. ರೈಲಿನಲ್ಲಾದರೆ ಸ್ಲೀಪರ್ ದರ್ಜೆಯಲ್ಲಿ 40 ಕಿಲೋವರೆಗೆ ಉಚಿತ, ಆದರೆ ಅಷ್ಟನ್ನು ಹೊರಬೇಕಾದವರು ನಾವೇ ತಾನೇ! ಏಳು ಕಿಲೋದಲ್ಲಿ ಸೀರೆ, ರವಿಕೆ, ಲಂಗ, ವಸ್ತ್ರ, ಒಡವೆಯ ಡಬ್ಬಿ, ತಾಳ ಇವೆಲ್ಲ ಸೇರಿ ಎರಡೂವರೆ ಕಿಲೋ ಆಗುತ್ತದೆ. ಚೀಲದ ತೂಕವೇ ಒಂದು ಕಿಲೋ. ಉಳಿದ ಮೂರೂವರೆ ಕಿಲೋದಲ್ಲಿ ಬದುಕಬೇಕೆಂದು ನಿಶ್ಚಯಿಸಿದ ಕ್ಷಣದಿಂದ ಬೇಡದ್ದೆಲ್ಲ ತಾನಾಗಿ ಹಿಂದೆ ಸರಿಯಿತು. ಎರಡು ಹತ್ತಿಯ ಚೂಡಿದಾರ್, ರಾತ್ರಿಗೆ ಒಂದು ಉಡುಪು, ತೆಳುವಾದ ಟವೆಲ್, ಅರ್ಧಕ್ಕೆ ಕತ್ತರಿಸಿದ ಸೋಪು, ಇಷ್ಟರಲ್ಲಿ ವಾರ ಕಳೆಯುತ್ತದೆ. ಮೊದಲು ಬಟ್ಟೆಗಳನ್ನೆಲ್ಲ ತುಂಬಿ ಕೊನೆಗೆ ಸೀರೆಗೆ ಜಾಗ ಹುಡುಕುತ್ತಿದ್ದ ದಿನಗಳಲ್ಲಿ ಚೀಲ ಹನ್ನೊಂದು ಕಿಲೋ ತೂಗುತ್ತಿತ್ತು, ಆದರೂ ಸೀರೆ ಮುದ್ದೆಯಾಗುತ್ತಿತ್ತು.

ರೇಷ್ಮೆಯನ್ನು ಮಡಚುವುದನ್ನು ಅವ್ವನಿಂದ ಕಲಿತೆ. ಜರಿಯ ಅಂಚು ಒಳಗಾಗುವಂತೆ ಮಡಚಿ, ತೊಳೆದು ತೊಳೆದು ಮೆತ್ತಗಾದ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಬೇಕು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ರೇಷ್ಮೆಗೆ ಉಸಿರಾಡಲು ಆಗುವುದಿಲ್ಲ ಎನ್ನುತ್ತಿದ್ದರು. ನುಸಿಗುಳಿಗೆಯನ್ನು ಜರಿಗೆ ತಾಗುವಂತೆ ಎಂದೂ ಇಡಬಾರದು. ಪ್ರತಿ ಪ್ರಯಾಣದಲ್ಲೂ ಹಳೆಯ ಗೆರೆಯ ಮೇಲೆ ಮಡಚದೆ ಒಂದು ಬೆರಳಿನಷ್ಟು ಸರಿಸಿ ಮಡಚಬೇಕು, ಇಲ್ಲವಾದರೆ ಆ ಗೆರೆಯಲ್ಲೇ ಎಳೆ ಬಿಡುತ್ತದೆ. ಅವ್ವ ತಮ್ಮ ಬದುಕಿನಲ್ಲಿ ಮೈಸೂರು ದಾಟಿ ಹೋದವರಲ್ಲ, ಆದರೆ ಪುತ್ತರಿ ಹಬ್ಬಕ್ಕೂ ಮದುವೆಗಳಿಗೂ ಹೊರತೆಗೆದ ಸೀರೆಯನ್ನು ಹೀಗೆ ಮಡಚಿ ಒಳಗಿಡುವುದರಲ್ಲಿ ಅವರಿಗಿದ್ದ ಶ್ರದ್ಧೆ ನನ್ನ ಸೀರೆಯನ್ನು ಇಷ್ಟು ಊರು ಸುತ್ತಿಸಿಯೂ ಹರಿಯದಂತೆ ಕಾಪಾಡಿದೆ.

ತಾಳಗಳ ವಿಚಾರದಲ್ಲಿ ಒಂದು ಸಂತೋಷದ ನೆನಪಿದೆ. ತಪಾಸಣೆಯ ಯಂತ್ರದಲ್ಲಿ ನಮ್ಮ ಹತ್ತು ಚೀಲಗಳು ಸಾಲಾಗಿ ಹಾದಾಗ ಪ್ರತಿಯೊಂದರಲ್ಲೂ ಎರಡೆರಡು ದುಂಡನೆಯ ಲೋಹದ ಬಿಲ್ಲೆಗಳು ಕಂಡು ಅಲ್ಲಿದ್ದ ಯುವತಿ ಯಂತ್ರವನ್ನೇ ನಿಲ್ಲಿಸಿದಳು. ‘ಮೇಡಂ, ಇದನ್ನು ಸ್ವಲ್ಪ ಬಿಚ್ಚಿ ತೋರಿಸಿ’ ಎಂದಳು. ನಾನು ತಾಳ ತೆಗೆದು, ಅದು ಏನೆಂದು ಬಾಯಲ್ಲಿ ವಿವರಿಸುವ ಬದಲು ಒಮ್ಮೆ ಮೆಲ್ಲನೆ ಬಡಿದೆ. ಪಕ್ಕದಲ್ಲಿದ್ದ ನಮ್ಮ ಹುಡುಗಿ ತಾನೂ ತೆಗೆದು ಬಡಿದಳು. ಕ್ಷಣಮಾತ್ರದಲ್ಲಿ ಹತ್ತೂ ಜನ ಟ್ರೇಗಳ ಪಕ್ಕದಲ್ಲಿ ನಿಂತು ಒಂದು ಸುತ್ತು ತಾಳ ಹಾಕಿದೆವು. ಸಾಲಿನಲ್ಲಿ ನಿಂತಿದ್ದ ಒಂದು ಮಗು ಕುಣಿಯತೊಡಗಿತು; ಆ ಯುವತಿ ನಗುತ್ತಾ ಚೀಲಗಳನ್ನು ತಾನೇ ಮುಂದಕ್ಕೆ ತಳ್ಳಿದಳು.

ವೇಷವೆಂದರೆ ಹೊತ್ತೊಯ್ಯುವುದೇ ಎಂದು ಕೇಳುವವರಿಗೆ ನಾನು ಮೇ ತಿಂಗಳಲ್ಲಿ ತಿತಿಮತಿಯ ಸಮೀಪದ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ನೋಡಿ ಬರಲು ಹೇಳುತ್ತೇನೆ. ಅಲ್ಲಿ ಆದಿವಾಸಿ ಜನರು ಹಾಕುವ ವೇಷಗಳಿಗೆ ಹಳೆಯ ಬಟ್ಟೆ, ಹೆಂಗಸರ ಉಡುಪು, ಸೊಪ್ಪುಸದೆ, ಮುಖಕ್ಕೆ ಬಳಿಯುವ ಬಣ್ಣ, ಬಡಿಯಲು ಒಂದು ಖಾಲಿ ಡಬ್ಬ, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಒದಗುತ್ತದೆ. ಮನೆಯಂಗಳದಲ್ಲೇ ಹುಟ್ಟಿ ಸಂಜೆಗೆ ಮುಗಿಯುವ ಅಂತಹ ವೇಷದ ಕಲ್ಪನಾಶಕ್ತಿಯ ಮುಂದೆ ನಮ್ಮ ಸೂಟ್‌ಕೇಸುಗಳು ಎಷ್ಟರವು ಎನಿಸುತ್ತದೆ. ನಮ್ಮ ಕೆಂಪು ಸೀರೆಗೆ ಆ ಸ್ವಾತಂತ್ರ್ಯವಿಲ್ಲ. ಆದರೆ ತಲೆಗೆ ಮುಡಿಯುವ ಹೂವು, ಹಣೆಯ ಕುಂಕುಮ, ನೀರಿನ ಪಾತ್ರೆ, ಪಿನ್ನು ಇವನ್ನೆಲ್ಲ ಹೋದ ಊರಿನಲ್ಲೇ ಹೊಂದಿಸಿಕೊಳ್ಳುವುದನ್ನು ನಾನು ಕಲಿತದ್ದು ಅಲ್ಲಿ ಆ ವೇಷಗಳನ್ನು ನೋಡಿದ ಮೇಲೆಯೇ.

ನಮ್ಮ ಕಡೆಯ ಚೀಲಗಳು ಭಾರವಾಗುವುದಕ್ಕೆ ಬಟ್ಟೆಗಿಂತ ದೊಡ್ಡ ಕಾರಣ ಪ್ರೀತಿ. ಹೊರಗೆ ಇರುವ ಮಕ್ಕಳಿಗೆ, ಅಳಿಯನಿಗೆ, ಸ್ನೇಹಿತರಿಗೆಂದು ಕಾಫಿ ಪುಡಿ, ಕಾಳುಮೆಣಸು, ಜೇನು, ಕಡಂಬುಟ್ಟು ಎಂಬ ಕಡುಬಿಗೆ ಬೇಕಾದ ಅಕ್ಕಿ ತರಿ, ಎಲ್ಲಕ್ಕಿಂತ ಮುಖ್ಯವಾಗಿ ಕಾಚಂಪುಳಿಯ ಬಾಟಲಿ ಒಂದೊಂದಾಗಿ ಬಂದು ಸೇರುತ್ತವೆ. ಕಾಚಂಪುಳಿ ಎಂದರೆ ಪನಂಪುಳಿ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ ಹುಳಿ. ಹಂದಿ ಮಾಂಸದ ಪಂದಿಕರಿಗೆ ಅದಿಲ್ಲದೆ ಬಣ್ಣವೂ ಬಾರದು, ರುಚಿಯೂ ಬಾರದು. ಒಮ್ಮೆ ಅದರ ಮುಚ್ಚಳ ಸಡಿಲಗೊಂಡು ನನ್ನ ವಸ್ತ್ರದ ಮೂಲೆಗೆ ಸೋರಿತು. ರೂಪಾಯಿಯಗಲದ ಆ ಕಪ್ಪು ಕಲೆ ಹೋಗಲಿಲ್ಲ. ಈಗ ಆ ಮೂಲೆ ಒಳಗೆ ಹೋಗುವಂತೆ ತಲೆಗೆ ಕಟ್ಟುತ್ತೇನೆ. ರೇಷ್ಮೆಯನ್ನೂ ಕಾಚಂಪುಳಿಯನ್ನೂ ಒಂದೇ ಚೀಲದಲ್ಲಿ ಇಡಬಾರದೆಂಬುದು ನನ್ನ ಮಟ್ಟಿಗೆ ಏಳು ಕಿಲೋದ ಮಿತಿಗಿಂತಲೂ ಬಿಗಿಯಾದ ನಿಯಮ.

ಮಳೆಗಾಲದ ಬಗ್ಗೆ ಒಂದೇ ಮಾತು. ಜುಲೈಯಲ್ಲಿ ನಮ್ಮಲ್ಲಿ ಬಟ್ಟೆ ಒಣಗಲು ಒಲೆಯ ಮೇಲಿನ ಗಳವೇ ಗತಿಯಾದ್ದರಿಂದ ಹೊರಡುವ ನಾಲ್ಕು ದಿನ ಮೊದಲೇ ಒಗೆದು ಹಾಕಬೇಕು, ಮತ್ತು ಸ್ವೆಟರನ್ನು ಚೀಲದಲ್ಲಿಡದೆ ಮೈಮೇಲೆ ತೊಡಬೇಕು. ಮೈಸೂರು ತಲುಪುವಾಗ ಸೆಕೆಯಾದರೂ ಪರವಾಗಿಲ್ಲ, ಸೊಂಟಕ್ಕೆ ಕಟ್ಟಿಕೊಂಡರಾಯಿತು.

ನಾಳೆ ಬೆಳಿಗ್ಗೆ ಮತ್ತೆ ಹೊರಡುವುದಿದೆ. ಸಂಜೆ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿದಾಗ ಮುಳ್ಳು ಆರು ಕಿಲೋ ಎಂಟುನೂರರಲ್ಲಿ ನಿಂತಿತು. ಅಷ್ಟರಲ್ಲಿ ಮಾವಿ, ಅಂದರೆ ನನ್ನ ಅತ್ತೆ, ಅಡುಗೆಮನೆಯಿಂದ ಸಣ್ಣದೊಂದು ಬಾಟಲಿಯನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಬಿಗಿದು ತಂದರು. ‘ಪುಣೆಯಲ್ಲಿರುವ ನಿನ್ನ ನಾದಿನಿಗೆ, ಕಾಲು ಲೀಟರಷ್ಟೇ’ ಎಂದರು. ನಾನು ಚೀಲದಿಂದ ಒಂದು ಚೂಡಿದಾರ್ ಹೊರತೆಗೆದು ಕಪಾಟಿನಲ್ಲಿಟ್ಟು, ಬಾಟಲಿಯನ್ನು ಸ್ವೆಟರಿನ ದೊಡ್ಡ ಜೇಬಿಗೆ ಇಳಿಸಿಕೊಂಡೆ.